ಚಂದ್ರಕಾಂತನ ಕೊಂಬಿನಿ ಪರ್ವ

ಜಪಾನಿ ಭಾಷೆ ಕಲಿಯಲು ಎಷ್ಟು ಕಾಲ ಹಿಡಿಯುತ್ತದೆ ಎಂಬ ಪ್ರಶ್ನೆಗೆ ತಿಳಿದವರು ಬೇರೆ ಬೇರೆ ಉತ್ತರ ಕೊಡುತ್ತಾರೆ. ನಮ್ಮ ಚಂದ್ರಕಾಂತನ ಪ್ರಕಾರ, ವಿಮಾನ ಇಳಿದ ಮೇಲೆ ಸೂಟ್‌ಕೇಸು ಬರುವುದನ್ನು ಕಾಯುವಷ್ಟು ಹೊತ್ತು ಸಾಕು.

"ಎರಡೇ ಪದ ಕಣ್ರೀ," ಎಂದು ಅವನು ಬೆಂಗಳೂರಿನಿಂದ ಹೊಸದಾಗಿ ಟೋಕಿಯೋದ ನಿಶಿ ಕಸಾಯಿಗೆ ಬಂದಿಳಿದವರಿಗೆಲ್ಲ ಹೇಳುತ್ತಿದ್ದ. "ಅವ್ರು ಏನೇ ಕೇಳ್ಲಿ, 'ಹಾಯ್' ಅನ್ನಿ. ಹಾಯ್ ಅಂದ್ರೆ ಹೌದು. ಏನೋ ಎಡವಟ್ಟಾಯ್ತು ಅನ್ಸಿದ್ರೆ 'ಸುಮಿಮಾಸೆನ್' ಅನ್ನಿ. ಕ್ಷಮಿಸಿ ಅಂತ. ಮುಗೀತು. ಉಳಿದಿದ್ದೆಲ್ಲ ಬರೀ ಗ್ರಾಮರ್."

ಈ ಎರಡು ಪದಗಳ ಬಲದ ಮೇಲೆ ಅವನು ಎರಡು ವರ್ಷ ಸಂಸಾರ ತೂಗಿಸಿದ್ದ. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತಿತ್ತು. ತೊಗರಿಬೇಳೆ, ಹುಣಸೆಹಣ್ಣು, ರವೆಗೆ ನಮ್ಮವರದೇ ಅಂಗಡಿಗಳಿದ್ದವು. ಭಾಷೆಯ ನಿಜವಾದ ಪರೀಕ್ಷೆ ನಡೆಯುತ್ತಿದ್ದದ್ದು ಕೊಂಬಿನಿಯಲ್ಲಿ. ಬೀದಿಗೊಂದರಂತೆ ಇರುವ, ಬಾಗಿಲು ಹಾಕುವುದನ್ನೇ ಅರಿಯದ, ಹಾಲಿನಿಂದ ಹಿಡಿದು ಕೊಡೆಯವರೆಗೆ ಎಲ್ಲವನ್ನೂ ಮಾರುವ ಈ ಪುಟ್ಟ ಅಂಗಡಿಗಳಲ್ಲಿ ಕೌಂಟರಿನವರು ಏನಾದರೂ ಕೇಳಿಯೇ ಕೇಳುತ್ತಾರೆ. ಚೀಲ ಬೇಕೆ, ಚಮಚ ಬೇಕೆ, ಬಿಸಿ ಮಾಡಿಕೊಡಲೆ? ಚಂದ್ರಕಾಂತ ಎಲ್ಲಕ್ಕೂ ಹಾಯ್ ಅನ್ನುತ್ತಿದ್ದ. ಬರೀ ಬಾಳೆಹಣ್ಣು ಕೊಂಡರೂ ಜೊತೆಗೆ ಚಮಚ, ಊಟದ ಕಡ್ಡಿ, ಕೈ ಒರೆಸುವ ಒದ್ದೆ ಕಾಗದ ಎಲ್ಲ ಮನೆಗೆ ಬರುತ್ತಿದ್ದವು. ಅವನ ಹೆಂಡತಿ ಮಾಲತಿ ಆ ಕಡ್ಡಿಗಳನ್ನು ಬಾಲ್ಕನಿಯ ಮೆಣಸಿನ ಗಿಡಗಳಿಗೆ ಊರುಗೋಲು ಮಾಡಿದ್ದಳು. ಒಮ್ಮೆ ಅವನು ಯಾವುದೋ ಲಾಟರಿ ಡಬ್ಬಕ್ಕೆ ಹಾಯ್ ಎಂದು ಕೈ ಹಾಕಿ, ಒಣ ಮೀನಿನ ಪೊಟ್ಟಣ ಗೆದ್ದು ತಂದಿದ್ದ. ಶುದ್ಧ ಸಸ್ಯಾಹಾರಿ ಆತ. ಕನ್ನಡ ಬಳಗದ ಊಟದ ಉಸ್ತುವಾರಿ ಅವನದೇ. ಯಾರ ಮಗುವಿನ ಹುಟ್ಟುಹಬ್ಬಕ್ಕೆ ಹೋದರೂ ಕೇಕಿನಲ್ಲಿ ಮೊಟ್ಟೆಯ ಸುಳಿವು ಸಿಗುತ್ತದೆಯೇ ಎಂದು ಮೊದಲು ಮೂಸುವ ಮನುಷ್ಯ.

ಅಕ್ಟೋಬರಿನ ಆ ಶನಿವಾರ ಬೆಳಿಗ್ಗೆ ಮಾಲತಿ ಅವನನ್ನು ಮೊಸರಿಗೆ ಅಟ್ಟಿದಳು.

"ಸ್ಟೇಷನ್ ಆಚೆ ಸೂಪರ್‌ಮಾರ್ಕೆಟ್ ಇದ್ಯಲ್ಲ, ಅಲ್ಲಿಂದ್ಲೇ ತನ್ನಿ. ಹಾಗೇ ಒಂದು ವಾಕಿಂಗ್ ಮಾಡ್ಕೊಂಡು ಬನ್ನಿ. ಅವಸರ ಏನಿಲ್ಲ."

ಮದುವೆಯಾದಾಗಿನಿಂದ ಮಾಲತಿ 'ಅವಸರ ಏನಿಲ್ಲ' ಎಂದದ್ದು ಅದೇ ಮೊದಲು. ಬೇರೆ ಗಂಡನಾಗಿದ್ದರೆ ಅನುಮಾನಪಡುತ್ತಿದ್ದ. ಚಂದ್ರಕಾಂತ ಸಂತೋಷಪಟ್ಟ. ಆದರೆ ರಸ್ತೆಯ ತಿರುವಿಗೆ ಬರುವಷ್ಟರಲ್ಲಿ ಸಂತೋಷದ ಜಾಗದಲ್ಲಿ ಸೋಮಾರಿತನ ಬಂದು ಕೂತಿತು. ಎದುರಿಗಿದ್ದ ಶಾಲೆಯ ಮೈದಾನದಲ್ಲಿ ಆಟೋಟದ ದಿನ, ಡ್ರಮ್ಮು, ಮೈಕು, ಚಪ್ಪಾಳೆ. ಶಾಲೆಗೆ ಅಂಟಿಕೊಂಡಂತೆ ಒಂದು ಕೊಂಬಿನಿ. ಅವನು ಅಲ್ಲಿಗೆ ಎಂದೂ ಹೋದವನಲ್ಲ. ಮೊಸರು ಎಲ್ಲಿಂದ ತಂದರೂ ಮೊಸರೇ ಎಂದು ತೀರ್ಮಾನಿಸಿ ಒಳಗೆ ಕಾಲಿಟ್ಟ.

ಒಳಗೆ ಜಾತ್ರೆ. ಆಟೋಟಕ್ಕೆ ಬಂದ ಅಪ್ಪ ಅಮ್ಮಂದಿರು, ಅಜ್ಜ ಅಜ್ಜಿಯರು ನೀರು, ಐಸು, ಅನ್ನದ ಉಂಡೆ ಹಿಡಿದು ಬಾಗಿಲವರೆಗೆ ಸಾಲುಗಟ್ಟಿದ್ದರು. ಕೌಂಟರಿನ ಹಿಂದೆ ಅರವತ್ತರ ಆಸುಪಾಸಿನ ಅಂಗಡಿಯ ಒಡತಿ, ಓನುಕಿ ಸಾನ್, ಅಂದರೆ ಓನುಕಿಯವರು, ಒಬ್ಬರೇ ಆ ಕಡೆಯಿಂದ ಈ ಕಡೆಗೆ ಓಡುತ್ತಿದ್ದರು. ಚಂದ್ರಕಾಂತನನ್ನು ಕಂಡದ್ದೇ ತಡ, ಅವರ ಮುಖ ಅರಳಿತು.

"ಚಂದೊರಕಾಂತೋ ಸಾನ್?"

ಚಂದ್ರಕಾಂತನ ಎದೆ ಉಬ್ಬಿತು. ಎಂದೂ ಕಾಲಿಡದ ಅಂಗಡಿಯಲ್ಲೂ ತನ್ನ ಹೆಸರು! ಕೀರ್ತಿ ಎಂಬುದು ಮನುಷ್ಯನಿಗಿಂತ ಮುಂದೆ ನಡೆಯುತ್ತದೆ ಎಂದು ಓದಿದ್ದ. ನಿಶಿ ಕಸಾಯಿಯಲ್ಲಿ ಅದು ಶಾಲೆಯವರೆಗೂ ನಡೆದಿದೆ ಎಂದು ತಿಳಿದಿರಲಿಲ್ಲ.

"ಹಾಯ್!" ಎಂದ.

ಮುಂದೆ ನಡೆದ ಮಾತುಕತೆಯನ್ನು ಎರಡೂ ಭಾಷೆ ಬಲ್ಲವರು ಆಮೇಲೆ ಹೀಗೆ ಬಿಡಿಸಿ ಹೇಳಿದರು. ಕೆಲಸ ಕೇಳಿ ನಮ್ಮ ಯಜಮಾನರಿಗೆ ಫೋನ್ ಮಾಡಿದವರು ತಾವೇ ತಾನೆ ಎಂದು ಓನುಕಿ ಸಾನ್ ಕೇಳಿದರು. ಹಾಯ್. ಅವರು ಸೊಂಟ ಹಿಡಿದು ಮಲಗಿಬಿಟ್ಟಿದ್ದಾರೆ, ಕೆಲಸದವಳಿಗೆ ಜ್ವರ, ಮಾತು ಕಾಗದ ಎಲ್ಲ ಆಮೇಲೆ ನೋಡೋಣ, ಈಗಲೇ ಸ್ವಲ್ಪ ಹೊತ್ತು ನಿಂತು ನೋಡುತ್ತೀರಾ? ಹಾಯ್. ಭಾರದ ಪೆಟ್ಟಿಗೆ ಎತ್ತಬಲ್ಲಿರಾ? ಹಾಯ್. ಎಣ್ಣೆಯಲ್ಲಿ ಕರಿಯುವ ಕೆಲಸ ಬರುತ್ತದೆಯೆ? ಹಾಯ್. ಹೊಸ ವರ್ಷದ ದಿನವೂ ಬರುವಿರಾ? ಈ ಸಲ ಚಂದ್ರಕಾಂತ ಸೊಂಟ ಬಗ್ಗಿಸಿ, "ಹಾಯ್, ಹಾಯ್," ಎಂದ.

ಇಂಥ ಉದ್ಯೋಗಾರ್ಥಿಯನ್ನು ಆ ಹೆಂಗಸು ಜನ್ಮದಲ್ಲೇ ಕಂಡಿರಲಿಲ್ಲ. ಕೈ ಹಿಡಿದು ನಡೆಸುವುದೊಂದನ್ನು ಬಿಟ್ಟು ಉಳಿದೆಲ್ಲ ಮರ್ಯಾದೆಯಿಂದ ಹಿಂದಿನ ಕೋಣೆಗೆ ಕರೆದೊಯ್ದು ಪಟ್ಟೆಪಟ್ಟೆಯ ಸಮವಸ್ತ್ರ ತೊಡಿಸಿದರು. ಇದು ಜಾಹೀರಾತಿನ ಫೋಟೋಗೆ ಎಂದು ಚಂದ್ರಕಾಂತ ಊಹಿಸಿದ. ವಿದೇಶಿ ಗಿರಾಕಿಗಳ ಪೈಕಿ ತನ್ನನ್ನು ಆರಿಸಿದ್ದಾರೆ. ಗೋಡೆಯ ಕನ್ನಡಿಯಲ್ಲಿ ತಲೆ ಬಾಚಿಕೊಂಡು, ಎಡ ಮಗ್ಗುಲಿನ ಮುಖವೇ ಚೆನ್ನ ಎಂದು ನಿರ್ಧರಿಸಿ, ಮುಗುಳ್ನಗುತ್ತ ಹೊರಬಂದ. ಹೊರಗೆ ಕ್ಯಾಮೆರಾ ಇರಲಿಲ್ಲ. ಸಾಲು ಇತ್ತು. ಸಾಲಿನ ಮುಂದೆ ತಾನಿದ್ದ.

ತಲೆಯಲ್ಲಿ ಏನೋ ಟಣ್ ಎಂದಿತು. ಎಡವಟ್ಟಿನ ಪದ ಬಳಸುವ ಹೊತ್ತು ಬಂದಿದೆ ಎಂದು ಅರಿತ ಚಂದ್ರಕಾಂತ ಓನುಕಿ ಸಾನ್ ಕಡೆ ತಿರುಗಿ "ಸುಮಿಮಾಸೆನ್" ಎಂದ. ಮೊದಲ ದಿನ ಎಲ್ಲರಿಗೂ ಹಾಗೇ ಎಂಬಂತೆ ಅವರು ಅವನ ಬೆನ್ನು ತಟ್ಟಿದರು. ಇನ್ನೂ ಗಟ್ಟಿಯಾಗಿ "ಸುಮಿಮಾಸೆನ್!" ಎಂದ. ಸಾಲಿನಲ್ಲಿದ್ದವರೂ "ಸುಮಿಮಾಸೆನ್!" ಎಂದರು. ಆ ಪದಕ್ಕೆ 'ಸ್ವಲ್ಪ ಇಲ್ಲಿ ನೋಡ್ತೀರಾ' ಎಂಬ ಅರ್ಥವೂ ಇದೆ ಎಂದು ಅವನಿಗೆ ಆ ಕ್ಷಣ ತಿಳಿಯಿತು.

ಸಮವಸ್ತ್ರ ಕಳಚಿ ಓಡಬಹುದಿತ್ತು. ಆದರೆ ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತ, ಉಸಿರಿಗೊಮ್ಮೆ ಅವನಿಗೆ ಕೃತಜ್ಞತೆಯಿಂದ ತಲೆಬಾಗುತ್ತಿದ್ದ ಆ ಹಿರಿಯ ಹೆಂಗಸನ್ನು ಬಿಟ್ಟು ಓಡಲು ಅವನಿಗೆ ಮನಸ್ಸಾಗಲಿಲ್ಲ. ಒಳ್ಳೆಯವನು, ಪಾಪ. ಸ್ವಲ್ಪ ರಶ್ ಇಳಿಯಲಿ, ಆಮೇಲೆ ಬಿಡಿಸಿ ಹೇಳಿದರಾಯಿತು ಎಂದುಕೊಂಡ. ಯಾವ ಭಾಷೆಯಲ್ಲಿ ಎಂಬುದನ್ನು ಯೋಚಿಸಲಿಲ್ಲ.

ನೀರಿನ ಬಾಟಲಿಗಳನ್ನು ಕೆಂಪು ದೀಪಕ್ಕೆ ತೋರಿಸಿ ಬೀಪ್ ಅನಿಸುವುದು ಸುಲಭವಾಗಿತ್ತು. ಸಿಗರೇಟು ಕೇಳುವವರು ನಂಬರು ಹೇಳುತ್ತಿದ್ದರು. ಚಂದ್ರಕಾಂತ ಹಾಯ್ ಎಂದು ಹೇಳಿ ಅಲ್ಲೇ ನಿಲ್ಲುತ್ತಿದ್ದ. ಅವರು ಬೆರಳು ತೋರಿಸುತ್ತಿದ್ದರು. ಅವನು ಬೆರಳನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಅಜ್ಜನೊಬ್ಬ ಗಾಜಿನ ಪೆಟ್ಟಿಗೆಯತ್ತ ಕೈ ಮಾಡಿ "ಚಿಕಿನ್" ಎಂದ. ಎರಡು ವರ್ಷದಲ್ಲಿ ಸ್ಪಷ್ಟವಾಗಿ ಅರ್ಥವಾದ ಮೂರನೆಯ ಜಪಾನಿ ಪದ ಅದು, ಮತ್ತು ಅದು ಅರ್ಥವಾಗದಿದ್ದರೇ ಚೆನ್ನಾಗಿತ್ತು. ಚಂದ್ರಕಾಂತ ಇಕ್ಕಳ ಹಿಡಿದು, ಮುಖ ಆಚೆ ತಿರುಗಿಸಿ, ಸತ್ತ ಇಲಿಯನ್ನು ಹೊರಗೆ ಎಸೆಯುವವನ ಹಾಗೆ ಒಂದು ತುಂಡನ್ನು ದೂರದಿಂದಲೇ ಎತ್ತಿದ. ಮುಖ ತಿರುಗಿಸಿದ ಕಡೆ ರಾಮಪ್ರಸಾದ ನಿಂತಿದ್ದ.

ರಾಮಪ್ರಸಾದ ಅದೇ ಅಪಾರ್ಟ್‌ಮೆಂಟಿನ ಕೆಳ ಮಹಡಿಯವನು, ಕನ್ನಡ ಬಳಗದ ವಾಟ್ಸಾಪ್ ಗುಂಪಿನ ಅಡ್ಮಿನ್.

"ಚಂದ್ರೂ?" ಎಂದ. ಇಕ್ಕಳ ನೋಡಿದ. "ನೀನು... ಚಿಕನ್ನು..."

ಇಲ್ಲಿ ಚಂದ್ರಕಾಂತ ನಿಜ ಹೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಿಜ ಏನು? ಆ ಅಮ್ಮ ಏನು ಕೇಳಿದರೋ ತನಗೆ ಅರ್ಥವಾಗಲಿಲ್ಲ ಎಂಬುದು. ಇದೇ ರಾಮಪ್ರಸಾದನಿಗೆ ಏರ್‌ಪೋರ್ಟಿನಿಂದ ಬರುವ ಬಸ್ಸಿನಲ್ಲಿ ಜಪಾನಿ ಕಲಿಸಿದವನು ಯಾರು? ಚಂದ್ರಕಾಂತ. ಗುರುವಾದವನು ಶಿಷ್ಯನ ಮುಂದೆ ಕೋಳಿ ಹಿಡಿಯಬಹುದು, ತಪ್ಪು ಒಪ್ಪಿಕೊಳ್ಳಲಾಗದು.

"ಹೀಗೇ... ಒಂದು ಚೇಂಜ್ ಇರ್ಲಿ ಅಂತ," ಎಂದ.

ರಾಮಪ್ರಸಾದನ ಕಣ್ಣು ತೇವವಾಯಿತು. ಕೌಂಟರಿನ ಮೇಲೆ ಬಾಗಿ ಪಿಸುಗುಟ್ಟಿದ. "ಪ್ರಾಜೆಕ್ಟ್ ಹೋಯ್ತಾ?"

"ಇಲ್ಲಪ್ಪಾ!"

"ನನ್ ಹತ್ರಾನೂ ಮುಚ್ಚಿಡ್ತೀಯಾ? ಮಾಲತಿಗೆ ಗೊತ್ತಾ?"

"ಏನು ಗೊತ್ತಾ?"

"ಅಂದ್ರೆ ಗೊತ್ತಿಲ್ಲ," ಎಂದು ರಾಮಪ್ರಸಾದ ನಿಟ್ಟುಸಿರಿಟ್ಟ. "ಧೈರ್ಯವಾಗಿರು. ನಾನು ಯಾರಿಗೂ ಹೇಳಲ್ಲ. ಪ್ರಾಮಿಸ್."

ರಾಮಪ್ರಸಾದ ಮಾತಿಗೆ ತಪ್ಪುವವನಲ್ಲ. ಅವನು ಯಾರಿಗೂ ಹೇಳಲಿಲ್ಲ. ಟೈಪ್ ಮಾಡಿದ.

"ಫ್ರೆಂಡ್ಸ್, ನಮ್ಮ ಚಂದ್ರು ಕಷ್ಟದಲ್ಲಿದ್ದಾನೆ. ಸ್ಕೂಲ್ ಪಕ್ಕದ ಕೊಂಬಿನಿಯಲ್ಲಿ ಕೆಲಸಕ್ಕೆ ನಿಂತಿದ್ದಾನೆ. ದಯವಿಟ್ಟು ಯಾರೂ ಏನೂ ಕೇಳಬೇಡಿ. ಹೋಗಿ ಏನಾದ್ರೂ ತಗೊಳ್ಳಿ."

ಕನ್ನಡಿಗರಿಗೆ ಒಗ್ಗಟ್ಟಿಲ್ಲ ಎನ್ನುವವರು ಅಂದು ಆ ಅಂಗಡಿಯ ಮುಂದೆ ನಿಲ್ಲಬೇಕಿತ್ತು. ಒಬ್ಬೊಬ್ಬರಾಗಿ ಬಂದರು. ಸುಡು ಬಿಸಿಲಿನಲ್ಲಿ ಕೊಡೆ ಕೊಂಡರು. ಬೋಳು ತಲೆಯ ಒಬ್ಬರು ಶಾಂಪೂ ಕೊಂಡರು. ಯಾರೂ ಏನೂ ಕೇಳಲಿಲ್ಲ. ಸಾವಿನ ಮನೆಗೆ ಬಂದವರ ಹಾಗೆ ಚಂದ್ರಕಾಂತನನ್ನು ನೋಡಿ, ತುಟಿ ಬಿಗಿಹಿಡಿದು, ತಲೆಯಾಡಿಸಿ ಹೋಗುತ್ತಿದ್ದರು. ಓನುಕಿ ಸಾನ್ ಬೆರಗಾಗಿ ನಿಂತಿದ್ದರು. ಇವನು ಬರುವಾಗ ಗಿರಾಕಿಗಳನ್ನೂ ಕರೆದುಕೊಂಡು ಬಂದಿದ್ದಾನೆ!

ಬಳಗದ ಹಿರಿಯರಾದ ನಂಜುಂಡಸ್ವಾಮಿಯವರೂ ದಯಮಾಡಿಸಿದರು. ಭಾಷಣಕ್ಕೆ ನಿಂತವರ ಹಾಗೆ ಗಂಟಲು ಸರಿಮಾಡಿಕೊಂಡು, "ಯಾವ ಕೆಲಸಾನೂ ಕೀಳಲ್ಲ ಚಂದ್ರಕಾಂತ್. ನೆನಪಿಟ್ಕೊಳ್ಳಿ. ಮನುಷ್ಯ ಕೀಳಾಗ್ಬಹುದು, ಕೆಲಸ ಕೀಳಲ್ಲ," ಎಂದರು. ಆಮೇಲೆ ದನಿ ತಗ್ಗಿಸಿದರು. "ಆದ್ರೆ ನಿಮ್ಮ ವೀಸಾದಲ್ಲಿ ಅಂಗಡೀಲಿ ನಿಲ್ಲೋ ಹಾಗಿಲ್ವಲ್ರೀ? ಯಾರಾದ್ರೂ ನೋಡಿದ್ರೆ ಸೀದಾ ಏರ್‌ಪೋರ್ಟು. ಹುಷಾರು."

ಅವರು ಒಂದು ಜೊತೆ ಕಾಲುಚೀಲ ಕೊಂಡು ಹೊರಗೆ ಹೋದರು. ಅದೇ ಬಾಗಿಲಿನಿಂದ ಒಬ್ಬ ಪೊಲೀಸು ಒಳಗೆ ಬಂದ.

ಚಂದ್ರಕಾಂತ ಕೌಂಟರಿನ ಕೆಳಗೆ ಕುಕ್ಕರುಗಾಲಲ್ಲಿ ಕೂತ. ಪೊಲೀಸಿನವನು ಬಗ್ಗಿ ನೋಡಿ, ತುಂಬ ಮೃದುವಾಗಿ ಏನೋ ವಿಚಾರಿಸಿದ. ಆರೋಗ್ಯದ ವಿಷಯವಿರಬೇಕು. "ಹಾಯ್," ಎಂದು ಕೆಳಗಿನಿಂದ ಕ್ಷೀಣ ಧ್ವನಿ ಬಂತು. ಪೊಲೀಸಿನವನು ಕಾಫಿ ಕೇಳಿದ. ಕೆಳಗಿನಿಂದ ಒಂದು ಕೈ ಮಾತ್ರ ಮೇಲೆದ್ದು ಕಾಗದದ ಲೋಟ ಕೊಟ್ಟಿತು. ಅವನು ಆ ಕೈಗೇ ತಲೆಬಾಗಿ ವಂದಿಸಿ ಹೋದ.

ಅಲ್ಲಿಂದ ಏಳುವ ಮೊದಲೇ ಜೇಬಿನ ಫೋನು ನಡುಗಿತು. ಮೈಸೂರಿನಿಂದ ಕಾತ್ಯಾಯಿನಿ ಅಕ್ಕ.

"ಚಂದ್ರೂ! ಕೆಲ್ಸ ಹೋಯ್ತಂತಲ್ಲೋ! ಕೋಳಿ ಅಂಗಡಿ ಇಟ್ಕೊಂಡಿದ್ಯಂತೆ!"

"ಯಾರೇ ಹೇಳಿದ್ದು ನಿಂಗೆ?"

"ರಾಮಪ್ರಸಾದನ ಹೆಂಡ್ತಿ ಇಂದು ಇದಾಳಲ್ಲ, ಅವಳ ಅತ್ತಿಗೆ ನಮ್ ಯೋಗ ಕ್ಲಾಸಿಗೆ ಬರ್ತಾಳೆ. ಇವತ್ತು ಯೋಗಾನೇ ಮಾಡ್ಲಿಲ್ಲ ಕಣೋ, ಎಲ್ರೂ ಬರೀ ನಿನ್ ವಿಷ್ಯಾನೇ. ಅಮ್ಮ ಕಾಫೀನೂ ಮುಟ್ಟಿಲ್ಲ. ನಿಜ ಹೇಳು, ಕೋಳಿ ಮುಟ್ಟಿದ್ಯಾ?"

"ಅಕ್ಕಾ, ಇಲ್ಲಿ ಗಿರಾಕಿಗಳು ನಿಂತಿದಾರೆ. ಆಮೇಲೆ ಮಾತಾಡ್ತೀನಿ."

ಆ ತುದಿಯಲ್ಲಿ ಅಕ್ಕ 'ಅಯ್ಯೋ' ಎಂದದ್ದು ಸಾಲಿನಲ್ಲಿದ್ದವರಿಗೂ ಕೇಳಿಸಿತು.

ಕಷ್ಟಗಳು ಒಂಟಿಯಾಗಿ ಬರುವುದಿಲ್ಲ. ಜಪಾನಿನಲ್ಲಂತೂ ಅವು ಕ್ರಮವಾಗಿ ಸಾಲಿನಲ್ಲೇ ಬರುತ್ತವೆ. ಫೋನು ಇಟ್ಟು ಎದ್ದು ನಿಂತ ಚಂದ್ರಕಾಂತನ ಮುಂದೆ ಹಸಿರು ಚಹಾದ ಬಾಟಲಿ ಹಿಡಿದು ನಿಂತಿದ್ದವರು ಅವನ ಆಫೀಸಿನ ಮ್ಯಾನೇಜರು ಸೈತೋ ಸಾನ್. ಮೊಮ್ಮಗಳ ಓಟದ ಪಂದ್ಯ ನೋಡಲು ಬಂದವರು.

"ಚಂದ್ರಕಾಂತ್ ಸಾನ್... ಈಸ್ ಇಟ್ ಯೂ?"

ಬಾಯಿಗೆ ಬಂದದ್ದು ಒಂದೇ. "ಹಾಯ್."

ಸೈತೋ ಸಾನ್ ಬಹಳ ಹೊತ್ತು ಪಟ್ಟೆ ಅಂಗಿಯನ್ನು ನೋಡಿದರು. ತಮ್ಮ ಆಫೀಸಿನಲ್ಲಿ ಇವನಿಗೆ ಏನು ಕೊರತೆಯಾಯಿತು, ತಾವು ಎಲ್ಲಿ ತಪ್ಪಿದೆವು ಎಂಬ ನೋವು ಅವರ ಮುಖದ ಮೇಲೆ ಮೋಡದ ಹಾಗೆ ಹಾದುಹೋಯಿತು. ಆಳವಾಗಿ ತಲೆಬಾಗಿ ಚಹಾ ತೆಗೆದುಕೊಂಡು ಹೊರಗೆ ಹೋಗಿ, ಕಸದ ಡಬ್ಬಗಳ ಪಕ್ಕ ನಿಂತು ಯಾರಿಗೋ ಫೋನು ಹಚ್ಚಿದರು. ಗಾಜಿನಾಚೆ ಅವರ ತುಟಿಗಳು "ಚಂದ್ರಕಾಂತ್ ಸಾನ್" ಎನ್ನುತ್ತಿದ್ದದ್ದು ಒಳಗಿನಿಂದಲೇ ಕಾಣುತ್ತಿತ್ತು. ಬೆಳಿಗ್ಗೆ ಇದ್ದ ಕೆಲಸ ಮಧ್ಯಾಹ್ನದೊಳಗೆ ನಿಜವಾಗಿಯೂ ಹೋಗುವ ಲಕ್ಷಣ ಕಾಣಿಸಿತು.

ಈಗ ಮಾಲತಿಯ ವಿಷಯಕ್ಕೆ ಬರಬೇಕು.

ಗಂಡ ಎರಡು ಪದಗಳ ಮೇಲೆ ಪ್ರವಚನ ಕೊಡುತ್ತಿದ್ದಾಗ, ಮಾಲತಿ ಪ್ರತಿ ಬುಧವಾರ ವಾರ್ಡಿನವರು ನಡೆಸುವ ಜಪಾನಿ ತರಗತಿಗೆ ಸದ್ದಿಲ್ಲದೆ ಹೋಗಿ ಬರುತ್ತಿದ್ದಳು. ಅವಳ ವೀಸಾಕ್ಕೆ ಅನುಮತಿ ಪಡೆದರೆ ಅರೆಕಾಲಿಕ ಕೆಲಸ ಮಾಡಬಹುದು. ಆ ಅನುಮತಿಯನ್ನೂ ಪಡೆದಿದ್ದಳು. ಶಾಲೆಯ ಪಕ್ಕದ ಕೊಂಬಿನಿಗೆ ಫೋನು ಮಾಡಿದಾಗ ಎತ್ತಿಕೊಂಡವರು ಓನುಕಿ ಸಾನ್ ಅವರ ಯಜಮಾನರು. ಪಾಸ್‌ಪೋರ್ಟಿನಲ್ಲಿರುವಂತೆ ಮಾಲತಿ ಚಂದ್ರಕಾಂತ ಎಂದು ಹೆಸರು ಹೇಳಿದ್ದಳು. ಶನಿವಾರ ಹನ್ನೊಂದಕ್ಕೆ ಬನ್ನಿ ಎಂದಿದ್ದ ಅವರು, ಶುಕ್ರವಾರ ಸಂಜೆ ಅಕ್ಕಿ ಮೂಟೆ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡರು. ನೋವಿನ ನಡುವೆ ಹೆಂಡತಿಗೆ "ನಾಳೆ ಚಂದೊರಕಾಂತೋ ಸಾನ್ ಬರ್ತಾರೆ, ಇಂಡಿಯಾದವರು," ಎಂದಷ್ಟೇ ಹೇಳಿದ್ದರು. ಗಂಡೋ ಹೆಣ್ಣೋ ಎಂದು ಹೇಳುವಷ್ಟು ಉಸಿರು ಅವರಲ್ಲಿ ಉಳಿದಿರಲಿಲ್ಲ.

ಗಂಡನನ್ನು ದೂರದ ಮೊಸರಿಗೆ ಅಟ್ಟಿ, ಹೊಸ ಕೋಟು ತೊಟ್ಟು ಮಾಲತಿ ಹೊರಡುವಷ್ಟರಲ್ಲಿ ಬಾಗಿಲಲ್ಲಿ ಇಂದು ನಿಂತಿದ್ದಳು. ಕಂಡವಳೇ ತಬ್ಬಿಕೊಂಡಳು.

"ಧೈರ್ಯ ತಗೋಬೇಕು ಮಾಲತಿ."

"ಯಾಕೆ, ಏನಾಯ್ತು?"

"ಏನೂ ಆಗಿಲ್ಲ," ಎಂದು ಇಂದು ಅತ್ತಳು.

"ಇಂದು, ನಾನು ಅರ್ಜೆಂಟಾಗಿ ಹೊರಗೆ ಹೋಗ್ಬೇಕು."

"ಎಲ್ಲೂ ಹೋಗೋದ್ ಬೇಡ! ಈ ಟೈಮಲ್ಲಿ ನಿನ್ನ ಒಬ್ಳೇ ಬಿಡಲ್ಲ!" ಎಂದು ಇಂದು ಅವಳ ಕೋಟಿನ ಪಟ್ಟಿ ಹಿಡಿದು ಸೋಫಾದ ಮೇಲೆ ಕೂರಿಸಿದಳು. ನೀರು ಕುಡಿಸಿದಳು. ಮಾಲತಿ ಎದ್ದಾಗಲೆಲ್ಲ ಕೂರಿಸಿದಳು. ಹನ್ನೊಂದು ಗಂಟೆ ದಾಟಿ ಎಷ್ಟೋ ಹೊತ್ತಾದ ಮೇಲೆ, ನಿಮ್ಮ ಯಜಮಾನರು ಶಾಲೆ ಪಕ್ಕದ ಕೊಂಬಿನಿಯಲ್ಲಿ ಕೆಲಸಕ್ಕೆ ಸೇರಿದ್ದಾರೆ ಎಂಬ ಸುದ್ದಿ ಹೊರಬಿತ್ತು. ಮಾಲತಿ ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಓಡಿದಳು. ಇಂದು ಅಳುತ್ತ ಹಿಂದೆ ಓಡಿದಳು.

ಕೊಂಬಿನಿಯ ಬಾಗಿಲು ಸಂಗೀತ ಸಮೇತ ತೆರೆಯಿತು.

"ರೀ!" ಎಂದಳು ಮಾಲತಿ. "ನನ್ ಕೆಲ್ಸ ಯಾಕ್ರೀ ಕಿತ್ಕೊಂಡ್ರಿ?"

ಪತ್ರಿಕೆಗಳ ಸಾಲಿನ ಮರೆಯಲ್ಲಿ ಕಾವಲು ನಿಂತಿದ್ದ ರಾಮಪ್ರಸಾದನಿಗೆ ಇಂದು, "ಪಾಪ, ಶಾಕ್‌ನಲ್ಲಿ ಏನೇನೋ ಮಾತಾಡ್ತಿದಾಳೆ," ಎಂದಳು.

"ನಿನ್ ಕೆಲ್ಸಾನಾ?" ಎಂದ ಚಂದ್ರಕಾಂತ.

"ಹನ್ನೊಂದು ಗಂಟೆಗೆ ನಂಗೆ ಇಂಟರ್‌ವ್ಯೂ ಇತ್ತು ಇಲ್ಲಿ! ನಿಮ್ಗೆ ಹೇಳಿದ್ದು ಮೊಸರು!"

ಆಮೇಲೆ ಅವಳು ಓನುಕಿ ಸಾನ್ ಕಡೆ ತಿರುಗಿ ಜಪಾನಿ ಭಾಷೆಯಲ್ಲಿ ಮಾತಾಡತೊಡಗಿದಳು. ಒಂದು ವಾಕ್ಯ, ಇನ್ನೊಂದು ವಾಕ್ಯ, ಅದರ ಬೆನ್ನಿಗೆ ಮತ್ತೊಂದು. ಚಂದ್ರಕಾಂತ ಬಾಯಿ ತೆರೆದು ಕೇಳುತ್ತ ನಿಂತ. ತಾನು ಮದುವೆಯಾದ ಹೆಂಗಸು ಕಣ್ಣೆದುರೇ ಬೇರೊಬ್ಬಳಾಗಿ, ಕೂಡಲೇ ಮತ್ತೆ ಅವಳೇ ಆಗಿ ನಿಂತ ಹಾಗಿತ್ತು. ಮಾತಿನ ನಡುವೆ ಅವಳ ಬೆರಳು ಒಂದೆರಡು ಸಲ ಅವನ ಕಡೆ ತಿರುಗಿತು. ಪ್ರತಿ ಸಲವೂ ಸಾಲಿನಲ್ಲಿದ್ದವರೆಲ್ಲ ಅವನನ್ನು ನೋಡಿ "ಓಓ" ಎಂದರು.

ಓನುಕಿ ಸಾನ್ ಕೈಯಿಂದ ಬಾಯಿ ಮುಚ್ಚಿಕೊಂಡರು. ಭುಜಗಳು ಕುಲುಕಿದವು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದ ಮೇಲೆ ಗಾಬರಿಯಾಗಿ, ಬೇರೆಯವರ ಗಂಡನನ್ನು ದುಡಿಸಿಕೊಂಡದ್ದಕ್ಕೆ ಚಂದ್ರಕಾಂತನ ಮುಂದೆ ತಲೆಬಾಗಿದರು. ಅದಕ್ಕೆ ಮಾಲತಿ ತಲೆಬಾಗಿದಳು. ಗಲಾಟೆ ಕೇಳಿ ಒಳಗೆ ಬಂದ ಸೈತೋ ಸಾನ್ ಇಬ್ಬರಿಗೂ ತಲೆಬಾಗಿದರು. ಏಕೆಂದು ತಿಳಿಯದಿದ್ದರೂ ರಾಮಪ್ರಸಾದ ಮತ್ತು ಇಂದು ಹಿಂದೆ ಬೀಳಲಿಲ್ಲ. ಅಂಗಡಿಯಲ್ಲಿ ನೆಟ್ಟಗೆ ನಿಂತಿದ್ದದ್ದು ಐಸ್‌ಕ್ರೀಮ್ ಪೆಟ್ಟಿಗೆ ಒಂದೇ.

ಓನುಕಿ ಸಾನ್ ಮಾಲತಿಗೆ ಏನೋ ಹೇಳಿದರು. ಅವಳ ಮುಖ ಕೆಂಪಾಯಿತು.

"ಏನಂತೆ?" ಎಂದು ಚಂದ್ರಕಾಂತ ಹೆದರಿ ಕೇಳಿದ. ತನ್ನಿಂದಾಗಿ ಇವಳ ಕೆಲಸವೂ ಹೋಯಿತೇ ಎಂಬ ಭಯ ಅವನಿಗೆ.

"ಯೂನಿಫಾರ್ಮ್ ಬೇಗ ಬಿಚ್ಚಿ ಕೊಡ್ಬೇಕಂತೆ," ಎಂದಳು ಮಾಲತಿ. "ನಂಗೆ ಹಾಕ್ಕೊಳ್ಳೋಕೆ."

ಸೈತೋ ಸಾನ್‌ಗೂ ಅವಳೇ ಎಲ್ಲವನ್ನೂ ವಿವರಿಸಿದಳು. ಅವರು ಎದೆಯ ಮೇಲೆ ಕೈಯಿಟ್ಟು ನಿಡಿದಾಗಿ ಉಸಿರುಬಿಟ್ಟರು. ಹೋಗುವಾಗ ಚಂದ್ರಕಾಂತನ ಹತ್ತಿರ ಬಂದು, ಎಲ್ಲಾದರೂ ಮತ್ತೆ ತಪ್ಪಾದೀತು ಎಂಬ ಎಚ್ಚರದಿಂದ, ಒಂದೊಂದೇ ಇಂಗ್ಲಿಷ್ ಪದ ಬಿಡಿಸಿ ಹೇಳಿದರು. "ಮಂಡೇ. ಪ್ಲೀಸ್ ಕಮ್. ಟು ಅವರ್ ಆಫೀಸ್."

ಸಂಜೆ ಮಾಲತಿ ಮನೆಗೆ ಬಂದು ಬಿಸಿ ನೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟು ಕೂತಳು. ಚಂದ್ರಕಾಂತ ಕಾಫಿ ಮಾಡಿ ತಂದುಕೊಟ್ಟು ಎದುರಿಗೆ ಕೂತ.

"ಒಂದು ಮಾತು ಮೊದ್ಲೇ ಹೇಳ್ಬಾರ್ದಿತ್ತಾ ಮಾಲತಿ? ಕ್ಲಾಸಿಗೆ ಹೋಗ್ತಿದೀನಿ ಅಂತ?"

"ಹೇಳಿದ್ರೆ ನೀವು, 'ಕ್ಲಾಸ್ ಯಾಕೆ, ನಾನೇ ಕಲಿಸ್ತೀನಿ' ಅಂತ ಕೂತ್ಕೊಳ್ತಿದ್ರಿ."

ಚಂದ್ರಕಾಂತ ಯೋಚಿಸಿದ. ಹೌದು, ಕೂತುಕೊಳ್ಳುತ್ತಿದ್ದ. ಕೇಳಲೋ ಬೇಡವೋ ಎಂದು ಕಪ್ಪಿನ ಅಂಚು ಸವರುತ್ತ, "ಆ ಕ್ಲಾಸಲ್ಲಿ ಇನ್ನೂ ಸೇರಿಸ್ಕೊಳ್ತಾರಾ?" ಎಂದ.

ಮಾಲತಿ ನಕ್ಕಳು. ಬೆಳಿಗ್ಗೆಯಿಂದ ಮೊದಲ ಸಲ.

ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ರಾಮಪ್ರಸಾದ ಮಧ್ಯಾಹ್ನವೇ ಗುಂಪಿನಲ್ಲಿ ತಿದ್ದುಪಡಿ ಹಾಕಿದ್ದ: ಚಂದ್ರುವಿನ ಕೆಲಸ ಹೋಗಿಲ್ಲ, ಕೊಂಬಿನಿಯಲ್ಲಿ ಕೆಲಸಕ್ಕೆ ಸೇರಿದ್ದು ಮಾಲತಿ. ಅದನ್ನು ಎಲ್ಲರೂ ಓದಿದ್ದರು. ಆದರೆ ಬಳಗದವರು ಅಷ್ಟು ಸುಲಭಕ್ಕೆ ಮೋಸಹೋಗುವವರಲ್ಲ. ಅಯ್ಯೋ, ಮಾನ ಉಳಿಸಿಕೊಳ್ಳಲು ಹೀಗೆ ಹೇಳಿಸುತ್ತಿದ್ದಾನೆ, ಈಗ ಪಾಪ ಹೆಂಡತಿಯೂ ದುಡಿಯಲು ನಿಂತಳು ಎಂದೇ ಎಲ್ಲರೂ ಅರ್ಥಮಾಡಿಕೊಂಡರು.

ಚಂದ್ರಕಾಂತ ಬಾಗಿಲು ತೆರೆದ. ಮೊಗಸಾಲೆಯ ತುಂಬ ಜನ. ಎಲ್ಲರ ಕೈಯಲ್ಲೂ ಡಬ್ಬಿಗಳು. ವಾಂಗೀಬಾತಿನ ಘಮ, ಹೆಸರುಬೇಳೆ ಕೋಸಂಬರಿ, ಯಾರೋ ತುಪ್ಪ ಸವರಿದ ಬಿಸಿ ಹೋಳಿಗೆಯನ್ನೇ ತಂದಿದ್ದರು. ಮುಂದೆ ನಿಂತಿದ್ದ ನಂಜುಂಡಸ್ವಾಮಿಯವರು ಕೈಯೆತ್ತಿ ತಡೆದರು.

"ಏನೂ ಮಾತಾಡ್ಬೇಡಿ ಚಂದ್ರಕಾಂತ್. ನಾವೆಲ್ಲ ಇದೀವಿ."

"ಸಾರ್, ಅದು ಹಾಗಲ್ಲ, ನನ್ ಕೆಲ್ಸ..." ಎಂದು ಚಂದ್ರಕಾಂತ ಬಾಯಿ ತೆರೆದ.

ಒದ್ದೆ ಕಾಲಲ್ಲೇ ಎದ್ದು ಬಂದಿದ್ದ ಮಾಲತಿ ಹಿಂದಿನಿಂದ ಅವನ ಸೊಂಟ ಚಿವುಟಿದಳು. ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ನಿಂತೂ ನಿಂತೂ ಕಾಲು ಬಿದ್ದೋಗಿದೆ, ಅಡುಗೆ ಆಗಿಲ್ಲ. ಇವತ್ತೊಂದಿನ ನಿಮ್ ಕೆಲ್ಸ ಹೋಗಿರ್ಲಿ ಬಿಡಿ. ನಾಳೆ ವಾಪಸ್ ಬರ್ಲಿ."

ಚಂದ್ರಕಾಂತ ಬಾಯಿ ಮುಚ್ಚಿದ. ಸಂದರ್ಭಕ್ಕೆ ತಕ್ಕಷ್ಟು ಮುಖ ಸಪ್ಪೆ ಮಾಡಿಕೊಂಡು, ಎರಡೂ ಕೈ ಚಾಚಿ, ಮೊದಲು ಹೋಳಿಗೆಯ ಡಬ್ಬಿಯನ್ನು ಇಸಿದುಕೊಂಡ.